ಗ್ರೇಟ್ ಡೇನ್ ಸೊರಗಿದೆ, ಕೈಯಲ್ಲಿ ತಿಂಗಳಿಗೆ ನಾಲ್ಕು ಸಾವಿರ ಇದೆ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಕಲಬುರಗಿಯ ಬ್ರಹ್ಮಪುರದಲ್ಲಿ ನಂದೊಂದು ಸಣ್ಣ ಟೇಲರಿಂಗ್ ಅಂಗಡಿ ಇದೆ. ಪರಿಚಯದವರೊಬ್ಬರು ಪುಣೆಗೆ ಮನೆ ಬದಲಾಯಿಸುವಾಗ ತಮ್ಮ ಗ್ರೇಟ್ ಡೇನ್ ನಾಯಿಯನ್ನು ನಮಗೆ ಬಿಟ್ಟು ಹೋದರು. ಗಂಡು, ಎರಡೂವರೆ ವರ್ಷ, ಹೆಸರು ಶೇರಾ. ಬಂದಾಗಲೇ ಸೊರಗಿತ್ತು, ಈಗ ಇನ್ನೂ ಸೊರಗಿದೆ. ಪಕ್ಕೆಲುಬು, ಬೆನ್ನುಮೂಳೆ, ಸೊಂಟದ ಮೂಳೆ ಎಲ್ಲಾ ದೂರದಿಂದಲೇ ಕಾಣುತ್ತವೆ. ಗಂಜ್‌ನಲ್ಲಿ ಗೆಳೆಯನ ಅಡತ್ ಅಂಗಡಿಯ ಕಾಟಾ ಮೇಲೆ ನಿಲ್ಲಿಸಿದೆ, 41 ಕಿಲೊ ಬಂತು. ದಿನಕ್ಕೆ ನಾಲ್ಕು ಜೋಳದ ರೊಟ್ಟಿ, ಅರ್ಧ ಲೀಟರ್ ಹಾಲು, ಮಧ್ಯಾಹ್ನ ನಾವು ಉಂಡು ಉಳಿದ ಅನ್ನ ಸಾರು ಹಾಕುತ್ತೇವೆ. ಪೆಟ್ ಅಂಗಡಿಯವರು ಇದಕ್ಕೆ ಕಂಪನಿ ಫುಡ್ಡೇ ಬೇಕು, ತಿಂಗಳಿಗೆ ಹತ್ತು ಸಾವಿರ ಆಗುತ್ತೆ ಅಂದರು, ಒಂದು ಪ್ರೋಟೀನ್ ಪೌಡರ್ ಡಬ್ಬಿಯನ್ನೂ ಕೊಟ್ಟರು. ನನ್ನಿಂದ ತಿಂಗಳಿಗೆ ನಾಲ್ಕು ಸಾವಿರಕ್ಕಿಂತ ಜಾಸ್ತಿ ಆಗಲ್ಲ. ಓಣಿಯವರು ನಾಯಿಗೆ ಉಪವಾಸ ಕೆಡವಿದ್ದಾರೆ ಅಂತ ಆಡಿಕೊಳ್ಳುತ್ತಿದ್ದಾರೆ. ಏನು ಹಾಕಲಿ? ಅಥವಾ ಯಾರಿಗಾದರೂ ಕೊಟ್ಟುಬಿಡಲಾ? ಮನೆಯಲ್ಲಿ ಮೊಟ್ಟೆ, ಕೋಳಿ ನಡೆಯುತ್ತದೆ.

ಉತ್ತರ: ಕೊಡಬೇಕಾಗಿಲ್ಲ. ನಾಲ್ಕು ಸಾವಿರದಲ್ಲಿ ಶೇರಾನನ್ನು ಮೈಗೆ ತರಬಹುದು. ಆದರೆ ಮೊದಲ ತಿಂಗಳು ಆ ದುಡ್ಡೆಲ್ಲ ಊಟಕ್ಕೇ ಹೋಗಬಾರದು, ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ. ಮೊದಲು ನೀವು ಈಗ ಹಾಕುತ್ತಿರುವ ಊಟವನ್ನೇ ಲೆಕ್ಕ ಮಾಡೋಣ, ಯಾಕಂದ್ರೆ ಅರ್ಧ ಉತ್ತರ ಅದರಲ್ಲೇ ಇದೆ.

ಸಾಧಾರಣ ಗಾತ್ರದ ಒಂದು ಜೋಳದ ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿಯಿತು ಅಂದರೆ ಅದರಲ್ಲಿ ಸುಮಾರು 170 ಕಿಲೊಕ್ಯಾಲರಿ. ನಾಲ್ಕಕ್ಕೆ 680. ಅರ್ಧ ಲೀಟರ್ ಹಾಲು ಅಂದರೆ ಇನ್ನೊಂದು 300. ಉಳಿದ ಅನ್ನ ಸಾರು 200 ಅಂತ ಇಟ್ಟುಕೊಳ್ಳಿ. ಎಲ್ಲ ಕೂಡಿ 1200ರ ಹತ್ತಿರ. ಈಗ ಇನ್ನೊಂದು ಲೆಕ್ಕ ನೋಡಿ. 41 ಕಿಲೊ ತೂಗುವ ನಾಯಿ ಏನೂ ಮಾಡದೆ ಸುಮ್ನೆ ನೆರಳಲ್ಲಿ ಮಲಗಿದ್ದರೂ ಉಸಿರಾಟ, ಹೃದಯ, ಮೈಶಾಖ ಇವಕ್ಕೇ ಸುಮಾರು 1130 ಕಿಲೊಕ್ಯಾಲರಿ ಬೇಕು. ಅಂದರೆ ನೀವು ಹಾಕುತ್ತಿರುವುದು ಮಲಗಿರಲು ಮಾತ್ರ ಸಾಕು. ಎದ್ದು ಓಡಾಡಿದರೆ ಸಾಲದು, ಮೈ ತುಂಬಿಕೊಳ್ಳುವ ಮಾತಂತೂ ದೂರ. ಗಂಡು ಗ್ರೇಟ್ ಡೇನ್ ಸಾಮಾನ್ಯವಾಗಿ 60 ಕಿಲೊ ದಾಟುತ್ತದೆ. ಶೇರಾನ ಎಲುಬಿನ ಗಾತ್ರ ನಾನು ನೋಡಿಲ್ಲ, ಹಾಗಾಗಿ ಸದ್ಯಕ್ಕೆ 58 ಕಿಲೊ ಗುರಿ ಇಟ್ಟುಕೊಳ್ಳೋಣ. ಆ ತೂಕದ ನಾಯಿಗೆ ದಿನಕ್ಕೆ ಎರಡೂವರೆಯಿಂದ ಮೂರು ಸಾವಿರ ಕಿಲೊಕ್ಯಾಲರಿ ಬೇಕಾಗುತ್ತದೆ. ಚುರುಕಾದ ಡೇನ್‌ಗೆ ಇನ್ನೂ ಜಾಸ್ತಿ ಬೇಕಾಗಬಹುದು.

ಓಣಿಯವರ ಮಾತಿಗೆ ಬೇಜಾರಾಗಬೇಡಿ. ನೀವು ಉಪವಾಸ ಕೆಡವಿಲ್ಲ, ಲ್ಯಾಬ್ರಡಾರ್ ಅಳತೆಯ ಊಟ ಹಾಕಿದ್ದೀರಿ, ಅಷ್ಟೇ.

ಇನ್ನು ಮೊದಲ ತಿಂಗಳ ದುಡ್ಡಿನ ವಿಷಯ. ಊಟ ಕಡಿಮೆ ಇದೆ ಅನ್ನುವುದು ನಿಜ, ಆದರೆ ಅದೊಂದೇ ಕಾರಣ ಅಂತ ಕಾಗದ ಓದಿ ಹೇಳಲಾಗದು. ಹೊಟ್ಟೆಯಲ್ಲಿ ಕೊಕ್ಕೆಹುಳ ಇದ್ದರೆ ಅದು ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ, ನೀವು ಏನು ಹಾಕಿದರೂ ಮೈಗೆ ಹತ್ತುವುದಿಲ್ಲ. ಮಲ ಪರೀಕ್ಷೆ ಬಹಳ ಅಗ್ಗ. ತಾಜಾ ಮಲವನ್ನು ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ, ನಾಯಿಯನ್ನೂ ಕರೆದುಕೊಂಡು ಹೋಗಿ. ಜಂತುಹುಳದ ಮಾತ್ರೆಯಲ್ಲಿ ದೊಡ್ಡ ನಾಯಿಗಳಿಗೆ ಒಂದು ಮೋಸ ಆಗುತ್ತಿರುತ್ತದೆ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಮಾತ್ರೆಗಳು 10 ಕಿಲೊ ತೂಕಕ್ಕೆ ಒಂದು ಅನ್ನುವ ಲೆಕ್ಕದವು. 41 ಕಿಲೊ ನಾಯಿಗೆ ಒಂದೇ ಮಾತ್ರೆ ನುಂಗಿಸಿ 'ಡಿವರ್ಮಿಂಗ್ ಆಗಿದೆ' ಅನ್ನುವವರನ್ನು ನಾನು ವಾರ ವಾರ ನೋಡುತ್ತೇನೆ. ಹಿಂದಿನ ಮಾಲೀಕರೂ ಹಾಗೇ ಮಾಡಿರಬಹುದು. ತೂಕ ಹೇಳಿ, ಪೂರ್ತಿ ಡೋಸ್ ಕೇಳಿ, ಎರಡು ವಾರ ಬಿಟ್ಟು ಮತ್ತೊಮ್ಮೆ ಕೊಡಬೇಕಾ ಅಂತಲೂ ಕೇಳಿ.

ಎರಡನೆಯದು ಉಣ್ಣಿ ಜ್ವರ. ನಮ್ಮ ಕಡೆ ಬಿಸಿಲಿಗೆ ಉಣ್ಣಿಗೆ ಬರವಿಲ್ಲ. ಗೋಡೆಯ ಸಂದಿ, ಬಾಗಿಲ ಚೌಕಟ್ಟು, ನಾಯಿ ಮಲಗುವ ಗೋಣಿಚೀಲ, ಎಲ್ಲೆಂದರಲ್ಲಿ ಅವು ಇರುತ್ತವೆ. ಕಂದು ಉಣ್ಣಿ ಕಚ್ಚಿದರೆ ಎರ್ಲಿಕಿಯಾ, ಬಬೇಸಿಯಾ ಅನ್ನುವ ರೋಗಗಳು ಬರುತ್ತವೆ. ಎರ್ಲಿಕಿಯಾದ ಕೆಟ್ಟ ಗುಣ ಏನಂದರೆ ಮೊದಲ ಜ್ವರ ಇಳಿದ ಮೇಲೂ ತಿಂಗಳುಗಟ್ಟಲೆ ಒಳಗೇ ಇದ್ದು ನಾಯಿಯನ್ನು ನಿಧಾನಕ್ಕೆ ಸೊರಗಿಸುತ್ತದೆ. ತುಟಿ ಎತ್ತಿ ವಸಡು ನೋಡಿ. ಗುಲಾಬಿ ಇರಬೇಕು. ಬಿಳಿಚಿಕೊಂಡಿದ್ದರೆ, ಮೂಗಿನಿಂದ ರಕ್ತ ಬಂದಿದ್ದರೆ, ಹೊಟ್ಟೆಯ ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆ ಇದ್ದರೆ ಆವತ್ತೇ ಹೋಗಿ. ಒಂದು ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಎಷ್ಟಿದೆ ಅಂತ ಕೇಳಿ. ಎರ್ಲಿಕಿಯಾ ಅಂತ ಗೊತ್ತಾದರೆ ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಕೊಡುತ್ತಾರೆ, ಅದೇನೂ ದುಬಾರಿ ಔಷಧಿ ಅಲ್ಲ. ಹತ್ತು ದಿನಕ್ಕೆ ನಾಯಿ ಚುರುಕಾಯಿತು ಅಂತ ನಿಲ್ಲಿಸಬೇಡಿ.

ತಿನ್ನುವುದು ಹೊಟ್ಟೆಬಾಕನ ಹಾಗೆ, ಆದರೂ ಮಲ ಎಣ್ಣೆ ಎಣ್ಣೆಯಾಗಿ, ಮಸುಕು ಬಣ್ಣದಲ್ಲಿ ರಾಶಿ ಬೀಳುತ್ತಿದೆ ಅಂದರೆ ಮೇದೋಜೀರಕ ಗ್ರಂಥಿಯ ತೊಂದರೆ ಇರಬಹುದು. ಸ್ವಲ್ಪ ನಡೆದರೆ ಏದುಸಿರು, ಕೆಮ್ಮು ಅಂದರೆ ಹೃದಯ ನೋಡಿಸಬೇಕು, ಡೇನ್‌ಗಳಲ್ಲಿ ಹೃದಯದ ಸ್ನಾಯು ದುರ್ಬಲವಾಗುವ ಕಾಯಿಲೆ ಇದೆ. ಇವು ಇವೆ ಅಂತಲ್ಲ, ಡಾಕ್ಟರ್ ಹತ್ತಿರ ಹೋದಾಗ ಹೇಳಲು ನೆನಪಿರಲಿ. ಇಲ್ಲಿ ಆಗದ ಪರೀಕ್ಷೆ ಬೇಕಾದರೆ ಬೀದರ್‌ನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ನೂರು ಚಿಲ್ಲರೆ ಕಿಲೊಮೀಟರ್ ದೂರ, ಆದರೆ ಹೋದದ್ದಕ್ಕೆ ಮೋಸವಿಲ್ಲ.

ಹಾಗಾಗಿ ಮೊದಲ ತಿಂಗಳು ಒಂದು ಸಾವಿರ ಒಂದೂವರೆ ಸಾವಿರ ಪರೀಕ್ಷೆಗೆ, ಹುಳದ ಮಾತ್ರೆಗೆ ಮತ್ತು ಉಣ್ಣಿ ಔಷಧಿಗೆ ಎತ್ತಿಡಿ. ಪ್ರೋಟೀನ್ ಡಬ್ಬಿ ಮತ್ತೆ ತರಬೇಡಿ. ಆ ಡಬ್ಬಿಯ ಹಿಂದೆ ಓದಿ: ಎರಡು ಚಮಚ ಪುಡಿಯಲ್ಲಿ ನೂರು ಕಿಲೊಕ್ಯಾಲರಿ ಇದ್ದರೆ ಹೆಚ್ಚು. ಒಂದೂವರೆ ಮೊಟ್ಟೆಯಲ್ಲಿ ಅಷ್ಟು ಬರುತ್ತದೆ, ಅಲ್ವಾ? ಡಬ್ಬಿ ದುಡ್ಡಿಗೆ ಎಷ್ಟು ಟ್ರೇ ಮೊಟ್ಟೆ ಬರುತ್ತದೆ ಲೆಕ್ಕ ಹಾಕಿ, ನನಗೆ ಹೇಳಬೇಡಿ.

ಈಗ ಊಟ. ಒಂದು ದಿನದ ಅಳತೆ ಹೇಳುತ್ತೇನೆ, ಎಲ್ಲ ಬೇಯಿಸುವ ಮುಂಚಿನ ತೂಕ. ಅಕ್ಕಿ ಕಾಲು ಕಿಲೊ, ನುಚ್ಚಕ್ಕಿಯಾದರೂ ರೇಷನ್ ಅಕ್ಕಿಯಾದರೂ ನಡೆಯುತ್ತದೆ. ಜೋಳದ ರೊಟ್ಟಿ ಮೂರು. ಬೇಳೆ 60 ಗ್ರಾಂ. ಮೀಲ್ ಮೇಕರ್, ಅಂದರೆ ಸೋಯಾ ಉಂಡೆ, 50 ಗ್ರಾಂ. ಮೊಟ್ಟೆ ನಾಲ್ಕು. ಕೋಳಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ತುಣುಕು, ಚರ್ಮ ಇದ್ದರೂ ಸರಿ, ಕಾಲು ಕಿಲೊ. ಎಣ್ಣೆ ಎರಡು ದೊಡ್ಡ ಚಮಚ. ಮೊಸರು ಒಂದು ಬಟ್ಟಲು. ಇಷ್ಟಕ್ಕೆ ಹತ್ತಿರ ಹತ್ತಿರ 2700 ಕಿಲೊಕ್ಯಾಲರಿ ಮತ್ತು 140 ಗ್ರಾಂ ಪ್ರೋಟೀನ್ ಬರುತ್ತದೆ. ದರ ವಾರಕ್ಕೊಂದು ತರ ಇರುತ್ತದೆ, ಆದರೂ ದಿನಕ್ಕೆ ನೂರು ರೂಪಾಯಿ ಆಸುಪಾಸಿನಲ್ಲಿ ಮುಗಿಯಬೇಕು. ಮನೆಯಲ್ಲೇ ಜೋಳ, ಅಕ್ಕಿ ಇದ್ದರೆ ಇನ್ನೂ ಕಡಿಮೆ.

ಬೇಳೆ ವಿಷಯದಲ್ಲಿ ಕಲಬುರಗಿಯವರು ಅದೃಷ್ಟವಂತರು. ದಾಲ್ ಮಿಲ್ಲಿನಲ್ಲಿ ಒಡೆದ ಬೇಳೆ, ನುಚ್ಚು, ಇಡೀ ಬೇಳೆಗಿಂತ ಅಗ್ಗಕ್ಕೆ ಸಿಗುತ್ತದೆ, ನಾಯಿಗೆ ಅದೇ ಬೇಳೆ, ಅದೇ ಪ್ರೋಟೀನ್. ಆದರೆ ದನಕ್ಕೆ ಹಾಕುವ ಚುನ್ನಿ, ಹೊಟ್ಟು ತಂದು ಬೇಯಿಸಬೇಡಿ, ಅದರಲ್ಲಿ ನಾರೇ ಜಾಸ್ತಿ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಗಾಣದ ಶೇಂಗಾ ಹಿಂಡಿಯೂ ಬೇಡ. ಅದರಲ್ಲಿ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್, ಇರುವ ಸಾಧ್ಯತೆ ಜಾಸ್ತಿ. ನಾಯಿಯ ಲಿವರ್ ಅದನ್ನು ತಡೆದುಕೊಳ್ಳುವುದಿಲ್ಲ. ಮನೆಯ ಒಳ್ಳೆಯ ಶೇಂಗಾ ಹುರಿದು, ಉಪ್ಪು ಹಾಕದೆ, ಕುಟ್ಟಿ ಒಂದು ಮುಷ್ಟಿ ಹಾಕಿದರೆ ನೂರೈವತ್ತು ಕಿಲೊಕ್ಯಾಲರಿ ಸಿಕ್ಕಂತೆ, ಅದು ಒಳ್ಳೆಯದೇ. ರೊಟ್ಟಿಗೂ ಇದೇ ಮಾತು. ನಮ್ಮ ಮನೆಗಳಲ್ಲಿ ಕಟಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ, ಒಣಗಿದ್ದು ತೊಂದರೆ ಇಲ್ಲ, ನೆನೆಸಿ ಹಾಕಿ. ಒಂದು ಕಡೆ ಹಸಿರು ಬೂಷ್ಟು ಕಂಡರೂ ಪೂರ್ತಿ ಬಿಸಾಕಿ, ಅಷ್ಟು ಮುರಿದು ತೆಗೆದು ಉಳಿದದ್ದನ್ನು ನಾಯಿಗೆ ಹಾಕುವುದು ಬೇಡ.

ಕೋಳಿ ಅಂಗಡಿಯವರ ಜೊತೆ ಸ್ನೇಹ ಬೆಳೆಸಿ. ಬೆಳಿಗ್ಗೆಯೇ ಹೇಳಿಟ್ಟರೆ ಕುತ್ತಿಗೆ, ಗಿಜರ್ಡ್, ಹೃದಯ, ಚರ್ಮ ಎತ್ತಿಟ್ಟಿರುತ್ತಾರೆ. ಭಾನುವಾರ ಜಾಸ್ತಿ ಸಿಗುತ್ತದೆ, ಫ್ರಿಜ್ ಇದ್ದರೆ ಮೂರು ದಿನದ್ದು ಬೇಯಿಸಿ ಭಾಗ ಮಾಡಿ ಇಡಿ. ಲಿವರ್ ವಾರಕ್ಕೆ ಎರಡು ಸಲ, ಒಂದು ಸಲಕ್ಕೆ 50 ಗ್ರಾಂ ಸಾಕು. ಅಗ್ಗ ಅಂತ ದಿನಾ ಕಲೇಜಿ ಹಾಕಿದರೆ ವಿಟಮಿನ್ ಎ ಜಾಸ್ತಿಯಾಗುತ್ತದೆ. ಮಟನ್ ಅಂಗಡಿಯ ಬೋಟಿ, ಪುಪ್ಪಸ ಕೂಡ ನಡೆಯುತ್ತದೆ, ಆದರೆ ಹಸಿ ಮಾತ್ರ ಖಂಡಿತ ಬೇಡ. ಕುರಿಯ ಪುಪ್ಪಸ ಮತ್ತು ಲಿವರ್‌ನಲ್ಲಿ ನೀರಿನ ಗುಳ್ಳೆಯಂಥ ಗಂಟು ಇರುತ್ತದೆ, ಅದು ಒಂದು ಜಾತಿಯ ಲಾಡಿಹುಳದ ಮರಿ. ನಾಯಿ ಅದನ್ನು ಹಸಿ ತಿಂದರೆ ಹುಳ ನಾಯಿಯಲ್ಲಿ ಬೆಳೆದು, ಮೊಟ್ಟೆ ಮಲದಲ್ಲಿ ಬಂದು, ನಿಮ್ಮ ಮನೆಯ ಮಕ್ಕಳಿಗೆ ಅಂಟುತ್ತದೆ. ಗಂಟು ಕಂಡ ತುಣುಕನ್ನು ಎಸೆಯಿರಿ, ಉಳಿದದ್ದನ್ನು ಚೆನ್ನಾಗಿ ಕುದಿಸಿ. ಬೇಯಿಸಿದ ಮೂಳೆ ಹಾಕಬೇಡಿ, ಅದು ಚೂರಾಗಿ ಕರುಳಿಗೆ ಚುಚ್ಚುತ್ತದೆ. ಕುತ್ತಿಗೆಯನ್ನು ಕುಕ್ಕರ್‌ನಲ್ಲಿ ಚೆನ್ನಾಗಿ ಬೇಯಿಸಿ, ಮಾಂಸ ಬಿಡಿಸಿಕೊಂಡು, ಮೂಳೆ ಆಚೆ ಹಾಕಿ. ಕಾಲು ಕಿಲೊ ಅಂದದ್ದು ಮೂಳೆ ಬಿಟ್ಟು.

ಅಡುಗೆ ಸುಲಭ. ಅಕ್ಕಿ, ಬೇಳೆ, ಮೀಲ್ ಮೇಕರ್, ಕೋಳಿ ಒಟ್ಟಿಗೆ ಕುಕ್ಕರಿಗೆ ಹಾಕಿ ಮೆತ್ತಗೆ ಮಾಡಿ, ಒಂದು ಚಿಟಿಕೆ ಅಯೋಡಿನ್ ಉಪ್ಪು, ಚಿಟಿಕೆ ಅರಿಶಿಣ ಸಾಕು. ಒಂದು ಹಿಡಿ ಕುಂಬಳಕಾಯಿಯೋ ಗಜ್ಜರಿಯೋ ಇದ್ದರೆ ಹಾಕಿ. ಕೆಳಗಿಳಿಸಿದ ಮೇಲೆ ರೊಟ್ಟಿ ಮುರಿದು ಹಾಕಿ, ಎಣ್ಣೆ ಕಲಸಿ, ಆರಿದ ಮೇಲೆ ಮೊಸರು. ಮೊಟ್ಟೆ ಬೇಯಿಸಿಯೇ ಹಾಕಿ. ಹಸಿ ಮೊಟ್ಟೆ ಶಕ್ತಿ ಅನ್ನುವುದು ಪೈಲ್ವಾನರ ಮಾತು. ಹಸಿ ಬಿಳಿಭಾಗ ಬಯೋಟಿನ್ ಅನ್ನುವ ವಿಟಮಿನ್ ಮೈಗೆ ಸೇರದಂತೆ ತಡೆಯುತ್ತದೆ.

ಹಾಲು ಅರ್ಧ ಲೀಟರ್ ಬದಲು ಮೊಸರು, ಮಜ್ಜಿಗೆ ಮಾಡಿ ಹಾಕಿ. ಬೆಳೆದ ನಾಯಿಗಳಲ್ಲಿ ಎಷ್ಟೋ ನಾಯಿಗೆ ಹಾಲು ಸರಿಯಾಗಿ ಜೀರ್ಣವಾಗದೆ ಭೇದಿಯಾಗುತ್ತದೆ, ತಿಂದ ಉಳಿದದ್ದನ್ನೂ ಅದು ಹೊರಗೆ ಎಳೆದುಕೊಂಡು ಹೋಗುತ್ತದೆ.

ಇನ್ನು ನೀವು ಹಾಕುವ 'ಉಳಿದ ಸಾರು' ಇದೆಯಲ್ಲ, ಅದನ್ನು ಇವತ್ತೇ ನಿಲ್ಲಿಸಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ, ಬೇಯಿಸಿದರೂ ವಿಷ ಹೋಗುವುದಿಲ್ಲ. ನಮ್ಮ ಕಡೆ ಬೆಳ್ಳುಳ್ಳಿ ಇಲ್ಲದೆ ಪುಂಡಿ ಪಲ್ಯವೂ ಇಲ್ಲ, ಶೇಂಗಾ ಚಟ್ನಿಯೂ ಇಲ್ಲ. ಒಂದು ದಿನ ತಿಂದರೆ ಇಷ್ಟು ದೊಡ್ಡ ನಾಯಿಗೆ ಏನೂ ಆಗಲಿಕ್ಕಿಲ್ಲ, ಆದರೆ ದಿನಾ ಸ್ವಲ್ಪ ಸ್ವಲ್ಪ ಅಂದರೆ, ಅದರ ಮೇಲೆ ಉಣ್ಣಿ ಜ್ವರವೋ ಕೊಕ್ಕೆಹುಳವೋ ಇದ್ದು ಮೊದಲೇ ರಕ್ತ ಕಡಿಮೆ ಇದ್ದರೆ, ನೀವೇ ಹೇಳಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ದೂರ ಇಡಿ.

ಮನೆಯ ಅಡುಗೆಯ ದೊಡ್ಡ ಕೊರತೆ ಕ್ಯಾಲ್ಸಿಯಂ. ಅಕ್ಕಿ, ಬೇಳೆ, ಮಾಂಸ ಎಲ್ಲದರಲ್ಲೂ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಮೈ ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತದೆ. ಇದಕ್ಕೆ ದುಡ್ಡು ಬೇಡ. ನಾಲ್ಕು ಮೊಟ್ಟೆಯ ಚಿಪ್ಪು ಮನೆಯಲ್ಲೇ ಇದೆ. ತೊಳೆದು, ಹತ್ತು ನಿಮಿಷ ಕುದಿಸಿ, ಬಿಸಿಲಿಗೆ ಒಣಗಿಸಿ, ಮಿಕ್ಸಿಯಲ್ಲಿ ಮೈದಾದಷ್ಟು ನುಣ್ಣಗೆ ಮಾಡಿ. ದಿನಕ್ಕೆ ಒಂದೂವರೆ ಟೀ ಚಮಚ, ತಲೆ ಸವರಿದ ಅಳತೆ. ಅದರಲ್ಲಿ ಮೂರು ಗ್ರಾಂ ಹತ್ತಿರ ಕ್ಯಾಲ್ಸಿಯಂ ಇರುತ್ತದೆ, ಶೇರಾನಿಗೆ ಬೇಕಾದದ್ದು ಸುಮಾರು ಅಷ್ಟೇ. ಸತು, ತಾಮ್ರ, ವಿಟಮಿನ್ ಡಿ, ವಿಟಮಿನ್ ಇ ಇವು ಈ ಊಟದಲ್ಲಿ ಪೂರ್ತಿ ಬರುವುದಿಲ್ಲ. ಹಾಗಾಗಿ ನಾಯಿಗಳ ವಿಟಮಿನ್-ಮಿನರಲ್ ಮಾತ್ರೆ ಯಾವುದು, ಎಷ್ಟು ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಉಳಿದ ದುಡ್ಡಿನಲ್ಲಿ ಅದು ಬರುತ್ತದೆ.

ಪಾಕೆಟ್ ಫುಡ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದರಲ್ಲಿ ಎಲ್ಲ ಅಳತೆ ಸರಿಯಾಗಿರುತ್ತದೆ, ಬೇಯಿಸುವ ಕೆಲಸ ಇಲ್ಲ. ಲೆಕ್ಕ ಮಾತ್ರ ಸರಿಯಾಗಿ ಮಾಡಿ. ಸಾಮಾನ್ಯ ಒಣ ಫುಡ್‌ನಲ್ಲಿ 100 ಗ್ರಾಂಗೆ 350ರಿಂದ 400 ಕಿಲೊಕ್ಯಾಲರಿ. 2700 ಬೇಕಂದರೆ ದಿನಕ್ಕೆ ಮುಕ್ಕಾಲು ಕಿಲೊ, ತಿಂಗಳಿಗೆ ಇಪ್ಪತ್ತೆರಡು ಕಿಲೊ ಚಿಲ್ಲರೆ. ಚೀಲದ ರೇಟನ್ನು ನೋಡಿ ಅಗ್ಗ, ದುಬಾರಿ ಅನ್ನಬೇಡಿ, ಸಾವಿರ ಕಿಲೊಕ್ಯಾಲರಿಗೆ ಎಷ್ಟು ಬಿತ್ತು ನೋಡಿ. ತೀರಾ ಅಗ್ಗದ್ದರಲ್ಲಿ ಹೊಟ್ಟು ಜಾಸ್ತಿ, ಅರ್ಧ ಅಂಗಳದಲ್ಲಿ ಬೀಳುತ್ತದೆ. ಚೀಲ ಬಿಚ್ಚಿಟ್ಟು ಲೂಸ್ ತೂಗಿ ಕೊಡುವ ಫುಡ್ ತರಬೇಡಿ, ನಮ್ಮ ಸೆಕೆಗೆ ಅದರ ಕೊಬ್ಬು ಕಮಟು ಹಿಡಿಯುತ್ತದೆ. ಬೇಕಾದರೆ ಬೆಳಿಗ್ಗೆ ಪಾಕೆಟ್, ರಾತ್ರಿ ಮನೆ ಅಡುಗೆ ಅಂತ ಮಾಡಿ. ಅಂಗಡಿಗೆ ಓಡುವ ಹೊತ್ತಲ್ಲಿ ಅದು ಅನುಕೂಲ. ಆಗ ಚಿಪ್ಪಿನ ಪುಡಿ ಅರ್ಧ ಮಾಡಿ.

ಒಂದು ಮುಖ್ಯ ಮಾತು. ನಾಳೆಯೇ 2700ಕ್ಕೆ ಹಾರಬೇಡಿ. ಬಹಳ ದಿನ ಕಡಿಮೆ ತಿಂದ ನಾಯಿಗೆ ಒಮ್ಮೆಲೇ ಹೊಟ್ಟೆ ಬಿರಿಯುವಷ್ಟು ಹಾಕಿದರೆ ಭೇದಿ ಆಗುವುದು ಒಂದು ಕಡೆ, ತೀರಾ ಸೊರಗಿದ ನಾಯಿಯಲ್ಲಿ ರಕ್ತದ ಲವಣಾಂಶ ಏರುಪೇರಾಗಿ ಜೀವಕ್ಕೇ ತೊಂದರೆ ಆದದ್ದೂ ಇದೆ. ಈಗಿನ 1200ರಿಂದ ಶುರು ಮಾಡಿ, ಎರಡು ಮೂರು ದಿನಕ್ಕೊಮ್ಮೆ ನೂರೈವತ್ತು ಕಿಲೊಕ್ಯಾಲರಿಯಷ್ಟು ಏರಿಸಿ. ಮೂರು ನಾಲ್ಕು ವಾರಕ್ಕೆ ಪೂರ್ತಿ ಅಳತೆಗೆ ಬನ್ನಿ. ಎಣ್ಣೆಯನ್ನು ಕೊನೆಗೆ ಏರಿಸಿ, ಮೊದಲು ಒಂದು ಟೀ ಚಮಚದಿಂದ. ಮಲ ಸಡಿಲವಾದರೆ ಎರಡು ದಿನ ಅಲ್ಲೇ ನಿಲ್ಲಿಸಿ.

ಊಟ ದಿನಕ್ಕೆ ಮೂರು ಸಲ ಮಾಡಿ, ಕನಿಷ್ಠ ಎರಡು. ಒಂದೇ ಸಲ ಬಕೆಟ್ ತುಂಬಾ ಹಾಕುವುದು ಡೇನ್‌ಗಳಿಗೆ ಅಪಾಯ. ಎದೆ ಆಳವಾಗಿರುವ ಈ ಜಾತಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ಉಬ್ಬಿ ತಿರುಚಿಕೊಳ್ಳುತ್ತದೆ. ವಾಂತಿ ಮಾಡಲು ಒದ್ದಾಡುತ್ತದೆ ಆದರೆ ಏನೂ ಬರುವುದಿಲ್ಲ, ಜೊಲ್ಲು ಸುರಿಯುತ್ತದೆ, ಹೊಟ್ಟೆ ಡೋಲಿನ ಹಾಗೆ ಬಿಗಿಯುತ್ತದೆ, ಒಂದು ಕಡೆ ನಿಲ್ಲುವುದಿಲ್ಲ. ಇದು ಕಂಡರೆ ಸೋಡಾ, ಓಂಕಾಳು ಅಂತ ಮನೆಮದ್ದು ಮಾಡುತ್ತಾ ಕೂಡಬೇಡಿ. ಕೆಲವೇ ಗಂಟೆಯಲ್ಲಿ ನಾಯಿ ಹೋಗುತ್ತದೆ. ಆಪರೇಷನ್ ಮಾಡುವ ಡಾಕ್ಟರ್ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ. ಊಟದ ಹಿಂದೆ ಮುಂದೆ ಒಂದು ಗಂಟೆ ಓಡಿಸಬೇಡಿ. ಎತ್ತರದ ಸ್ಟ್ಯಾಂಡ್ ಮೇಲೆ ತಟ್ಟೆ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎತ್ತರದ ತಟ್ಟೆಯಲ್ಲಿ ತಿನ್ನುವ ನಾಯಿಗಳಿಗೇ ಈ ತೊಂದರೆ ಜಾಸ್ತಿ ಕಂಡಿತ್ತು, ಗಬಗಬ ತಿನ್ನುವ ನಾಯಿಗಳಿಗೂ. ತಟ್ಟೆ ನೆಲದ ಮೇಲೇ ಇರಲಿ, ಸ್ಟ್ಯಾಂಡಿನ ದುಡ್ಡು ಉಳಿಯಿತು. ಗಬಗಬ ತಿಂದರೆ ಅಗಲವಾದ ಪರಾತದಲ್ಲಿ ತೆಳ್ಳಗೆ ಹರಡಿ ಹಾಕಿ.

ಏಪ್ರಿಲ್, ಮೇನಲ್ಲಿ ತಿನ್ನುವುದು ಕಡಿಮೆ ಮಾಡಿದರೆ ಗಾಬರಿಯಾಗಬೇಡಿ. 42-43 ಡಿಗ್ರಿ ಬಿಸಿಲಲ್ಲಿ ನಮಗೇ ಊಟ ಸೇರುವುದಿಲ್ಲ. ಬೆಳಿಗ್ಗೆ ಆರಕ್ಕೆ ಮುಂಚೆ ಒಂದು ಊಟ, ರಾತ್ರಿ ಒಂಬತ್ತರ ಮೇಲೆ ದೊಡ್ಡ ಊಟ, ನಡುವೆ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ. ಕಲಸಿದ್ದು ಅರ್ಧ ಗಂಟೆಯಲ್ಲಿ ತಿನ್ನದಿದ್ದರೆ ಎತ್ತಿಡಿ, ಬೇಸಿಗೆಯಲ್ಲಿ ಬೇಗ ಹಳಸುತ್ತದೆ.

ಗಂಜ್‌ನ ಕಾಟಾ ಇದೆಯಲ್ಲ, ಒಳ್ಳೆ ಕೆಲಸ ಮಾಡಿದಿರಿ. ಹದಿನೈದು ದಿನಕ್ಕೊಮ್ಮೆ ಅಲ್ಲೇ ತೂಗಿ. ವಾರಕ್ಕೆ ಅರ್ಧದಿಂದ ಒಂದು ಕಿಲೊ ಏರಿದರೆ ಸಾಕು, ಐದಾರು ತಿಂಗಳ ಕೆಲಸ ಇದು. ಪೂರ್ತಿ ಅಳತೆ ತಿಂದು ಮೂರು ವಾರವಾದರೂ ಕಾಟಾ ಅಲ್ಲಾಡಲಿಲ್ಲ ಅಂದರೆ ಊಟ ಏರಿಸುವ ಮುಂಚೆ ಮತ್ತೆ ಡಾಕ್ಟರ್ ಹತ್ತಿರ ಹೋಗಿ. 58 ಬಂದೇ ಬರಬೇಕು ಅಂತಿಲ್ಲ. ಕೈ ಸವರಿದರೆ ಪಕ್ಕೆಲುಬು ಸಿಗಬೇಕು, ಸೊಂಟದ ಮೂಳೆ ಮಾತ್ರ ಕಣ್ಣಿಗೆ ಚುಚ್ಚಬಾರದು, ಆ ಹದಕ್ಕೆ ಬಂದಾಗ ನಿಲ್ಲಿಸಿ.

ಪ್ರಶ್ನೆ: ಬೀದರ್‌ನಲ್ಲಿ ನಮ್ಮದು ಸೇಂಟ್ ಬರ್ನಾರ್ಡ್ ಮರಿ, ನಾಲ್ಕು ತಿಂಗಳು. ಮರಿ ಕೊಟ್ಟವರು ದಿನಾ ಕ್ಯಾಲ್ಸಿಯಂ ಸಿರಪ್ ಕೊಡಿ, ಚೆನ್ನಾಗಿ ದಪ್ಪ ಮಾಡಿ, ಇಲ್ಲಾಂದ್ರೆ ಕಾಲು ಗಟ್ಟಿಯಾಗಲ್ಲ ಅಂದಿದ್ದಾರೆ. ಸಿರಪ್‌ಗೇ ಬಹಳ ಖರ್ಚಾಗುತ್ತಿದೆ. ಮೇಲಿನವರ ಹಾಗೆ ಮನೆ ಊಟ ಹಾಕಬಹುದಾ?

ಉತ್ತರ: ಸಿರಪ್ ನಿಲ್ಲಿಸಿ, ದುಡ್ಡು ಉಳಿಸಿ, ಕಾಲೂ ಉಳಿಯುತ್ತದೆ. ಬೆಳೆದ ನಾಯಿಗೆ ಬೇಡದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇರುತ್ತದೆ, ಕರುಳು ಅಷ್ಟನ್ನು ಬಿಟ್ಟುಬಿಡುತ್ತದೆ. ಮರಿಗೆ ಆರು ತಿಂಗಳವರೆಗೆ ಆ ಶಕ್ತಿ ಸರಿಯಾಗಿ ಇರುವುದಿಲ್ಲ. ನೀವು ಹಾಕಿದ್ದೆಲ್ಲ ಬಹುಪಾಲು ಒಳಗೆ ಹೋಗುತ್ತದೆ, ಎಲುಬು ಬೆಳೆಯುವ ತುದಿಗಳು ಹದಗೆಡುತ್ತವೆ, ಕಾಲು ಬಾಗುತ್ತದೆ, ಕುಂಟು ಬರುತ್ತದೆ. ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಪ್ರಯೋಗಗಳಲ್ಲೇ ಇದು ಸಾಬೀತಾಗಿದೆ. ದಪ್ಪ ಮಾಡುವುದೂ ಅಷ್ಟೇ ತಪ್ಪು. ಎಲುಬು ಇನ್ನೂ ಎಳೆಯದು, ಅದರ ಮೇಲೆ ಭಾರ ಹೇರಿದಂತೆ. ಈ ಜಾತಿಗಳು ಒಂದೂವರೆ ಎರಡು ವರ್ಷದವರೆಗೆ ಬೆಳೆಯುತ್ತವೆ, ಆತುರ ಬೇಡ. ತೆಳ್ಳಗೆ ಬೆಳೆದ ಮರಿಯೂ ಕೊನೆಗೆ ತನ್ನ ಪೂರ್ತಿ ಎತ್ತರಕ್ಕೆ ಬಂದೇ ಬರುತ್ತದೆ.

ಮನೆ ಊಟ ಬೆಳೆದ ನಾಯಿಗೆ ಹೇಳಿದ್ದು, ಮರಿಗೆ ಅಲ್ಲ. ಚಿಪ್ಪಿನ ಪುಡಿಯ ಅಳತೆಯಂತೂ ಮರಿಗೆ ಮುಟ್ಟಿಸಲೇಬೇಡಿ. ನಿಮ್ಮ ಬಜೆಟ್‌ನಲ್ಲಿ ಎಲ್ಲಿ ಬೇಕಾದರೂ ಕತ್ತರಿ ಹಾಕಿ, ಮೊದಲ ಒಂದು ವರ್ಷ ಫುಡ್‌ನಲ್ಲಿ ಮಾತ್ರ ಬೇಡ. ಚೀಲದ ಮೇಲೆ 'ಲಾರ್ಜ್ ಬ್ರೀಡ್ ಪಪ್ಪಿ' ಅಂತ ಇರಲಿ. ಕ್ಯಾಲ್ಸಿಯಂ ಶೇಕಡ 1ರ ಆಸುಪಾಸು ಇರಲಿ, 1.8 ದಾಟಲೇಬಾರದು. ಹಾಸಿಗೆ, ಬೆಲ್ಟು, ಬಿಸ್ಕತ್ತು, ಆಟಿಕೆ ಇವು ಇಲ್ಲದಿದ್ದರೂ ಮರಿ ಬೆಳೆಯುತ್ತದೆ. ಮತ್ತೆ, ಬೀದರ್ ಕಲಬುರಗಿಗಿಂತ ಸ್ವಲ್ಪ ತಂಪು ಅಂದ್ರೂ ಹಿಮದ ಬೆಟ್ಟದ ನಾಯಿಗೆ ಅದು ತಂಪಲ್ಲ. ಮಾರುವವರು ಇದನ್ನು ಹೇಳುವುದಿಲ್ಲ. ಫ್ಯಾನ್, ಒದ್ದೆ ನೆಲ, ನೆರಳು ಇವಕ್ಕೆ ದುಡ್ಡು ಎತ್ತಿಡಿ.

ಪ್ರಶ್ನೆ: ನಾವು ಆಳಂದದವರು, ಲಿಂಗಾಯತರು. ಮನೆಯಲ್ಲಿ ಮೊಟ್ಟೆ ಕೂಡ ಬರುವುದಿಲ್ಲ. ಮಗ ಹಟ ಮಾಡಿ ಮ್ಯಾಸ್ಟಿಫ್ ತಂದಿದ್ದಾನೆ, ಈಗ ಮೂರು ವರ್ಷ, ತೆಳ್ಳಗಿದೆ. ಬೇಳೆ ಜಾಸ್ತಿ ಹಾಕಿದರೆ ಸಾಲದಾ?

ಉತ್ತರ: ಸಾಲದು. ನಾಯಿ ಬೆಕ್ಕಿನ ಹಾಗಲ್ಲ, ಮಾಂಸ ಇಲ್ಲದೆಯೂ ಬದುಕಬಲ್ಲದು, ಆದರೆ ಬರೀ ಬೇಳೆ-ಅನ್ನದಲ್ಲಿ ಅಲ್ಲ. 2018ರಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ, ಬಟಾಣಿ ಮತ್ತು ಬೇಳೆಕಾಳೇ ಹೆಚ್ಚಿರುವ ನಾಯಿ ಆಹಾರ ಮತ್ತು ಹೃದಯದ ಸ್ನಾಯು ದುರ್ಬಲವಾಗುವ ಕಾಯಿಲೆ, ಇವೆರಡಕ್ಕೂ ನಂಟು ಇರಬಹುದು ಅಂತ ಎಚ್ಚರಿಸಿತ್ತು. ಕಾರಣ ಇವತ್ತಿಗೂ ಪೂರ್ತಿ ಇತ್ಯರ್ಥವಾಗಿಲ್ಲ, ಆದರೂ ದೊಡ್ಡ ಜಾತಿಯ ನಾಯಿ ಸಾಕುವವರು ಬೇಳೆಯನ್ನು ಒಂದು ಪಾಲಾಗಿ ಇಡಬೇಕು, ಅದನ್ನೇ ಊಟ ಮಾಡಬಾರದು. ಮೊಸರು ಜಾಸ್ತಿ ಮಾಡಿ, ಪನೀರ್ ಆದಾಗ ಹಾಕಿ, ಮೀಲ್ ಮೇಕರ್ 80-100 ಗ್ರಾಂವರೆಗೆ ಚೆನ್ನಾಗಿ ನೆನೆಸಿ ಬೇಯಿಸಿ ಹಾಕಿ, ಮೇಲೆ ತುಪ್ಪವೋ ಎಣ್ಣೆಯೋ. ಮಗನಿಗೆ ಒಂದು ಮಾತು ಹೇಳಿ: ಅಡುಗೆಮನೆಗೆ ಬರದೆ, ಅಂಗಳದಲ್ಲೇ ಬಿಚ್ಚಿ ಹಾಕಬಹುದಾದ ಒಣ ಫುಡ್ ಇದೆ, ನಿಮ್ಮ ಮನೆಗೆ ಅದೇ ಸುಲಭದ ದಾರಿ. ಅರ್ಧ ಊಟ ಅದಾದರೂ ವಿಟಮಿನ್, ಅಮೈನೊ ಆಮ್ಲಗಳ ಚಿಂತೆ ಬಹುಪಾಲು ತಪ್ಪುತ್ತದೆ. ಅದೂ ಬೇಡ ಅಂದರೆ ಹೃದಯಕ್ಕೆ ಬೇಕಾದ ಟಾರಿನ್ ಅನ್ನುವ ಅಮೈನೊ ಆಮ್ಲದ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ, ವರ್ಷಕ್ಕೊಮ್ಮೆ ಹೃದಯ ನೋಡಿಸಿ. ಹುಳದ ಮಾತ್ರೆ, ರಕ್ತ ಪರೀಕ್ಷೆ ಮೇಲೆ ಹೇಳಿದ ಹಾಗೆಯೇ ಮೊದಲು ಆಗಲಿ.

ಪ್ರಶ್ನೆ: ಯಾದಗಿರಿ ಜಿಲ್ಲೆ ಶಹಾಪುರದಿಂದ. ನಮ್ಮ ಮುಧೋಳ ನಾಯಿಗೆ ಎರಡು ವರ್ಷ, 24 ಕಿಲೊ. ಎಷ್ಟು ಹಾಕಿದರೂ ಪಕ್ಕೆಲುಬು ಕಾಣುತ್ತಲೇ ಇದೆ. ಏನು ಹಾಕಿದರೆ ದಪ್ಪ ಆಗುತ್ತದೆ?

ಉತ್ತರ: ಏನೂ ಹಾಕಬೇಡಿ, ಅದು ಸರಿಯಾಗೇ ಇದೆ. ಮುಧೋಳ ಓಡಲು ಹುಟ್ಟಿದ ನಾಯಿ, ಹಿಂದಿನ ಎರಡು ಮೂರು ಪಕ್ಕೆಲುಬು ಕಾಣುವುದು, ಹೊಟ್ಟೆ ಒಳಗೆ ಎಳೆದುಕೊಂಡಿರುವುದು ಅದರ ಮೈಕಟ್ಟು. ತೊಡೆಯ ಮಾಂಸ ಮುಟ್ಟಿ ನೋಡಿ, ಗಟ್ಟಿಯಾಗಿ ತುಂಬಿದ್ದರೆ ಚಿಂತೆ ಇಲ್ಲ. ತೊಡೆ ಸಪ್ಪಗಾಗಿದ್ದರೆ, ಬೆನ್ನುಮೂಳೆ ಗಂಟು ಗಂಟಾಗಿ ಕೈಗೆ ಸಿಕ್ಕರೆ, ಓಟ ಕಡಿಮೆಯಾಗಿದ್ದರೆ ಮಾತ್ರ ಮಲ, ರಕ್ತ ಪರೀಕ್ಷೆ ಮಾಡಿಸಿ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದೇ ಶ್ವಾನ ಸಂಶೋಧನಾ ಕೇಂದ್ರ ಇದೆ. ಆ ಕಡೆ ಹೋದರೆ ಅಲ್ಲಿನ ನಾಯಿಗಳ ಮೈ ನೋಡಿ ಬನ್ನಿ. ನಿಮ್ಮದನ್ನು ದಪ್ಪ ಮಾಡಬೇಕು ಅಂತ ಆಮೇಲೆ ಅನಿಸುವುದಿಲ್ಲ.